ನಡಿ ಅನ್ನುವ ಮಾತು

"ಇವತ್ತ ಬ್ಯಾಡ್ರಿ ಬಾಯಾರ. ಆಕಿಗೆ ಈಗರೆ ನಿದ್ದಿ ಹತ್ತೈತಿ" ಎನ್ನುತ್ತ ಲಕ್ಷ್ಮಪ್ಪ ಬಾಗಿಲಿಗೆ ಅಡ್ಡ ನಿಂತ.

ಹೊರಗೆ ವರದಾ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಲಕ್ಷ್ಮಪ್ಪನ ಹೆಂಡತಿ ಸಾತವ್ವನ ಸೊಂಟದ ಮೂಳೆ ಮುರಿದು, ಬೆಳಗಾವಿಯ ಆಸ್ಪತ್ರೆಯಲ್ಲಿ ಒಳಗೊಂದು ರಾಡು ಹಾಕಿ ಮನೆಗೆ ಕಳಿಸಿದ್ದರು. ಕಾಲು ಆಡಿಸಿ, ಎಬ್ಬಿಸಿ ನಿಲ್ಲಿಸಿ, ವಾಕರ್ ಹಿಡಿಸಿ ನಡೆಸಲಿಕ್ಕೆಂದು ಈ ಹುಡುಗಿ ಪೀರನವಾಡಿಯವರೆಗೆ ಸ್ಕೂಟಿ ಹೊಡೆದುಕೊಂಡು ಬರುತ್ತಿದ್ದಳು.

"ಹ್ವಾದ ಸಲಾನೂ ಮಲಗ್ಯಾಳ ಅಂದ್ರಿ ಅಜ್ಜಾ. ಹಿಂಗ ಬಿಟ್ರ ಕಾಲು ಸೆಟದ ಬಿಡ್ತಾವ್ರಿ. ಸ್ವಲ್ಪ ಹೊತ್ತು ಸಾಕು, ಎಬ್ಬಸ್ರಿ."

"ಮಗಾ ಬ್ಯಾರೆ ಡಾಕ್ಟರಗ ತೋರಸಾಕತ್ತಾನ್ರಿ. ನೀವ ಇನ್ನ ಬರೂದು ಬ್ಯಾಡ."

ಲಕ್ಷ್ಮಪ್ಪ ಕುರಿ ಕಾಯ್ದು ಮುದುಕನಾದವನು. ಕುರಿಗಳ ಮುಂದೆ ಸುಳ್ಳು ಹೇಳುವ ಪ್ರಸಂಗ ಬರುವುದಿಲ್ಲವಾದ್ದರಿಂದ ಆ ವಿದ್ಯೆ ಅವನಿಗೆ ಅಷ್ಟಾಗಿ ಹತ್ತಿರಲಿಲ್ಲ. ವರದಾಳ ಮುಖ ನೋಡದೆ ಸ್ಕೂಟಿಯ ಗಾಲಿ ನೋಡುತ್ತ ಹೇಳಿದ. ಅವಳು ನಂಬಿದಳೋ ಬೇಸತ್ತಳೋ, "ವಾಕರ್ ಹಿಡಿಸಿ ದಿನಾ ನಡಸ್ರಿ, ಅಷ್ಟರೆ ಮಾಡ್ರಿ" ಎಂದು ಹೊರಟುಹೋದಳು.

ಒಳಗೆ ಮಂಚದ ಮೇಲೆ ಸಾತವ್ವ ಕಣ್ಣು ಬಿಟ್ಟುಕೊಂಡೇ ಇದ್ದಳು.

"ಹ್ವಾದ್ಲಾ?"

"ಹ್ವಾದ್ಲು. ಇನ್ನ ಬರಂಗಿಲ್ಲ."

ಇಬ್ಬರೂ ಶಾಲೆ ತಪ್ಪಿಸಿದ ಮಕ್ಕಳ ಹಾಗೆ ನಕ್ಕರು.

ಸಾತವ್ವ ಬಿದ್ದದ್ದು ಮನೆಯೊಳಗೆ. ಜಾಂಬೋಟಿ ಕಡೆಯ ಗದ್ದೆಗಳ ಬದುವಿನ ಮೇಲೆ, ಪಾಚಿಗಟ್ಟಿದ ಬಂಡೆಗಳ ಮೇಲೆ, ತಲೆಯ ಮೇಲೊಂದು ಗಂಟು, ಕಂಕುಳಲ್ಲೊಂದು ಮರಿ ಇಟ್ಟುಕೊಂಡು ಜೀವಮಾನವೆಲ್ಲ ಅಡ್ಡಾಡಿದವಳು ಒಮ್ಮೆಯೂ ಕಾಲು ಜಾರಿ ಕುಳಿತವಳಲ್ಲ. ಮಗ ಕಲ್ಮೇಶ ಕಾರ್ಖಾನೆಯ ನೌಕರಿ ಕಾಯಂ ಆದ ಮೇಲೆ, ಅವ್ವನಿಗೆ ಇನ್ನಾದರೂ ನೆಲ ಸಾರಿಸುವ ತಾಪತ್ರಯ ಬೇಡವೆಂದು, ಮನೆಗೆಲ್ಲ ಹೊಳೆಹೊಳೆಯುವ ಫರಶಿ ಕಲ್ಲು ಹಾಕಿಸಿದ. ಬಚ್ಚಲ ಬಾಗಿಲ ಹತ್ತಿರ ಆ ಫರಶಿಯ ಮೇಲೆ ಚೆಲ್ಲಿದ್ದ ಒಂದು ಬೊಗಸೆ ನೀರು ಅವಳನ್ನು ಕೆಡವಿತು. ಕಲ್ಮೇಶ ಆಸ್ಪತ್ರೆಯ ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ.

ಆಪರೇಷನ್ ಆದ ಮರುದಿನದಿಂದಲೇ ನಡೆಸಬೇಕೆಂದು ಡಾಕ್ಟರು ಹೇಳಿದ್ದರು. ವರದಾ ಮೊದಲ ಸಲ ಎಬ್ಬಿಸಿ ನಿಲ್ಲಿಸಿದಾಗ ಸಾತವ್ವ "ಯವ್ವಾ, ಸತ್ತ್ನೆ" ಎಂದು ಕೂಗಿದ ಕೂಗಿಗೆ ಲಕ್ಷ್ಮಪ್ಪನ ಕೈಯಲ್ಲಿದ್ದ ಚಹಾ ಚೆಲ್ಲಿಹೋಯಿತು. ಅಷ್ಟು ವರ್ಷದ ಸಂಸಾರದಲ್ಲಿ ಅವಳು ಕೂಗಿದ್ದನ್ನು ಅವನು ಕೇಳಿರಲಿಲ್ಲ. ಹೆರಿಗೆಯಲ್ಲೂ ಹಲ್ಲು ಕಚ್ಚಿಕೊಂಡೇ ಇದ್ದವಳು ಅವಳು.

ಅವನನ್ನು ಕಾಡುತ್ತಿದ್ದದ್ದೂ ಆ ಹೆರಿಗೆಯೇ. ಗದ್ದೆಗೆ ಗೊಬ್ಬರವಾಗಲೆಂದು ಕುರಿ ನಿಲ್ಲಿಸಿದ್ದ ಖಾನಾಪುರದಾಚೆಯ ಹೊಲವೊಂದರಲ್ಲಿ, ಕಂಬಳಿಯ ಮರೆಯಲ್ಲಿ ಕಲ್ಮೇಶ ಹುಟ್ಟಿದ್ದ. ಮಳೆಗಾಲ ಹತ್ತಿರ ಬಂದಿತ್ತು. ಆ ಸೀಮೆಯ ಮಳೆಗೆ ಸಿಕ್ಕರೆ ಕುರಿಗಳ ಗೊರಸು ಕೊಳೆಯುತ್ತವೆ. "ಇನ್ನೊಂದೆರಡ ದಿನ ಕುಂದರೂಣ್ರಿ, ಕಾಲಾಗ ಶಕ್ತಿನ ಇಲ್ಲ" ಎಂದು ಬಾಣಂತಿ ಕೇಳಿದ್ದಳು. "ಮ್ವಾಡ ಕಟ್ಟೈತಿ, ಕಾಣವಲ್ದೇನು? ನಡಿ" ಎಂದಿದ್ದ ಲಕ್ಷ್ಮಪ್ಪ. ಅವಳು ಕೂಸನ್ನು ಮಡಿಲಿಗೆ ಕಟ್ಟಿಕೊಂಡು ನಡೆದಳು. ಒಮ್ಮೆ ಹಿಂತಿರುಗಿ ನೋಡಿದಾಗ ಅವಳ ಸೀರೆಯ ಅಂಚು ರಕ್ತದಿಂದ ಒದ್ದೆಯಾಗಿತ್ತು. ಅವನು ನೋಡಿಯೂ ಮುಂದೆ ನಡೆದಿದ್ದ. ಆಮೇಲೂ ಅಷ್ಟೇ, ಜ್ವರ ಬಂದರೆ ನಡಿ, ಕಾಲಿಗೆ ಮುಳ್ಳು ನೆಟ್ಟರೆ ನಡಿ. ಆ ಒಂದು ಮಾತು ಕೇಳುತ್ತ ಕೇಳುತ್ತ ಅವಳ ಪ್ರಾಯವೆಲ್ಲ ಕಳೆಯಿತು. ಅವಳ ಕೂಗು ಕೇಳಿದ ದಿನ ಲಕ್ಷ್ಮಪ್ಪ ಸೊಂಟದ ಚೀಲದಲ್ಲಿದ್ದ ಭಂಡಾರವನ್ನು, ದೇವರ ಅರಿಶಿನಪುಡಿಯನ್ನು ಮುಟ್ಟಿ, ಇನ್ನು ಈ ಜನ್ಮದಲ್ಲಿ ಆಕೆಗೆ ನಡಿ ಅನ್ನುವುದಿಲ್ಲ ಎಂದು ಆಣೆ ಮಾಡಿಕೊಂಡ.

ಆಣೆಯನ್ನು ಪಾಲಿಸಿದ, ಅದೂ ಎಷ್ಟು ಅಕ್ಕರೆಯಿಂದ! ಮಗ, ಸೊಸೆ ಮಾಲಾ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಮನೆ ಇವರಿಬ್ಬರದೇ. ಜೀವಮಾನದಲ್ಲಿ ಒಲೆಯ ಮುಂದೆ ಕೂರದವನು ಉಪ್ಪಿಟ್ಟು ಮಾಡಲು ಕಲಿತ. ಮೊದಲ ಸಲ ಉಪ್ಪು ಎರಡು ಸಲ ಬಿತ್ತು. ಸಾತವ್ವ ತಿಂದು "ಛಲೋ ಆಗೇತಿ" ಎಂದು ಒಂದು ಚರಿಗೆ ನೀರು ಕುಡಿದಳು. ಅವಳ ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದ. ಉಣ್ಣೆ ಹಿಂಜಿ ಅಭ್ಯಾಸವಿದ್ದ ಬೆರಳುಗಳು, ಸಿಕ್ಕು ಬಿಡಿಸುವುದು ಅವಕ್ಕೆ ಹೊಸದಲ್ಲ. ಇಬ್ಬರೂ ಮಾತಾಡಿದರು, ಮದುವೆಯಾದಂದಿನಿಂದ ಆಡದಷ್ಟು ಮಾತಾಡಿದರು. ದಾರಿಯಲ್ಲಿ ಅವನು ಯಾವಾಗಲೂ ಮುಂದೆ, ಅವಳು ಹಿಂದೆ, ನಡುವೆ ಇಡೀ ಹಿಂಡು. ಮಾತಿಗೆ ಎಡೆಯೆಲ್ಲಿತ್ತು?

"ಬಿದ್ದದ್ದು ಒಂದ ನಮೂನಿ ಛಲೋನ ಆತ ನೋಡ್ರಿ" ಎಂದಳು ಒಂದು ಮಧ್ಯಾಹ್ನ. "ನನ್ನ ತಲಿ ಬಾಚವರ ಯಾರಿದ್ರು?"

ಆ ಮಾತಿಗೆ ಲಕ್ಷ್ಮಪ್ಪನ ಎದೆ ತುಂಬಿಬಂತು. ಏಳಬೇಡ ಎಂದ, ಏಳಗೊಡಲಿಲ್ಲ. ಬಚ್ಚಲಿಗೂ ತಾನೇ ಎತ್ತಿಕೊಂಡು ಹೋದ. ದಿನದಿಂದ ದಿನಕ್ಕೆ ಅವಳು ಹಗುರಾಗುತ್ತಿದ್ದಳು. ಅದನ್ನವನು ತನ್ನ ರಟ್ಟೆಯ ಬಲ ಎಂದುಕೊಂಡ.

ಮಗನ ಕಣ್ಣು ತಪ್ಪಿಸಲು ದಿನಾ ವಾಕರನ್ನು ಬೇರೆ ಬೇರೆ ಕಡೆ ಇಡುತ್ತಿದ್ದ. ಒಂದು ದಿನ ಅಡಿಗೆಮನೆಯ ಬಾಗಿಲಲ್ಲಿ, ಒಂದು ದಿನ ಪಡಸಾಲೆಯ ಕಿಟಕಿಯ ಹತ್ತಿರ. ಕಲ್ಮೇಶ ಸಂಜೆ ಬಂದು, "ಇವತ್ತ ಎಲ್ಲಿತನಾ ಅಡ್ಯಾಡಿದಿ ಯವ್ವಾ?" ಎಂದು ಕೇಳುವನು. "ಕಿಡಕಿತನಾ" ಎನ್ನುವಳು ಸಾತವ್ವ, ಕಣ್ಣು ಪಿಳುಕಿಸದೆ. ವರದಾ ಹಗಲು ಬಂದು ಹೋಗುತ್ತಿದ್ದಾಳೆಂದೇ ಅವನು ತಿಳಿದಿದ್ದ. ವಾಕರಿನ ಕಾಲಿನ ರಬ್ಬರು ಅಂಗಡಿಯಿಂದ ತಂದ ದಿನದಷ್ಟೇ ಹೊಸದಾಗಿದ್ದದ್ದನ್ನು ಮಾಲಾ ನೋಡಿದ್ದಳು. ಮಾವನಿಗೆ ಎದುರಾಡಲಾರದೆ ಸುಮ್ಮನಿದ್ದಳು.

ಹೀಗೆ ತಿಂಗಳುಗಳು ಕಳೆದು ಉಣ್ಣೆ ಕತ್ತರಿಸುವ ದಿನ ಬಂತು. ಪೀರನವಾಡಿಗೆ ಬಂದು ನೆಲೆಸುವಾಗ ಲಕ್ಷ್ಮಪ್ಪ ಹಿಂಡನ್ನು ಖಾನಾಪುರದ ಹತ್ತಿರವಿದ್ದ ತಂಗಿಯ ಮಗ ಬೀರಣ್ಣನಿಗೆ ಬಿಟ್ಟುಕೊಟ್ಟಿದ್ದ. ಆದರೂ ಕತ್ತರಿ ಮುಟ್ಟಿಸುವ ಮೊದಲು ಹಿಂಡಿನ ಹಿರಿಯ ಕುರಿಯ ಹಣೆಗೆ ಭಂಡಾರ ಹಚ್ಚುವುದು ಸಾತವ್ವನ ಕೈಯೇ. ಒಂದು ವರ್ಷವೂ ಅದು ತಪ್ಪಿರಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ, "ಉಣ್ಣಿ ಕತ್ತರಸೂ ಹೊತ್ತಿಗೆ ನಾ ನನ್ನ ಕಾಲಮ್ಯಾಲೆ ಹೊಕ್ಕೇನಿ" ಎಂದು ಎಲ್ಲರಿಗೂ ಹೇಳಿದ್ದಳು.

ಆ ಬೆಳಿಗ್ಗೆ ಅವಳು ಮಂಚದ ಅಂಚಿಗೆ ಸರಿದು ಕಾಲು ಇಳಿಬಿಟ್ಟಳು. ಮೊಣಕಾಲು ಮಡಚಿದಲ್ಲೇ ಇತ್ತು. ಹಿಮ್ಮಡಿ ನೆಲ ಮುಟ್ಟಲಿಲ್ಲ.

"ಇವು ನನ್ನ ಕಾಲು ಅನಸವಲ್ಲವ್ರಿ" ಎಂದಳು ಸಣ್ಣ ದನಿಯಲ್ಲಿ.

"ಮುಂದಿನ ವರ್ಷ ಹೋಗಿಯಂತ. ಈಗ ಮಲ್ಕೊ" ಎಂದ ಲಕ್ಷ್ಮಪ್ಪ. ಅವಳು ಭಂಡಾರವನ್ನು ಸೆರಗಿನ ಚೂರೊಂದರಲ್ಲಿ ಕಟ್ಟಿ ಅವನ ಕೈಗೆ ಕೊಟ್ಟಳು. ಮಾಲಾ ಅಂದು ರಜೆ ಹಾಕಿದ್ದಳು. ಲಕ್ಷ್ಮಪ್ಪ ಒಬ್ಬನೇ ಖಾನಾಪುರದ ಬಸ್ಸು ಹತ್ತಿದ.

ಬೀರಣ್ಣನ ಕುರಿದೊಡ್ಡಿಯ ಬೇಲಿ ದಾಟುವಾಗಲೇ ಕುರಿಯೊಂದು ಕರುಳು ಕಿತ್ತು ಬರುವಂತೆ ಒದರುವುದು ಕೇಳಿಸಿತು. ಬೀರಣ್ಣ ಮತ್ತು ಅವನ ಹೆಂಡತಿ ಹಳೆಯ ಕಂಬಳಿಯೊಂದನ್ನು ಅದರ ಹೊಟ್ಟೆಯ ಕೆಳಗೆ ಹಾಸಿ, ಎರಡೂ ಕಡೆಯಿಂದ ಜೋಲಿಯ ಹಾಗೆ ಎತ್ತಿ ಹಿಡಿದಿದ್ದರು. ಕುರಿಯ ಹಿಂಗಾಲಿಗೆ ಬಿದಿರಿನ ದಬ್ಬೆ ಕಟ್ಟಿತ್ತು.

"ಏ ಬೀರ್ಯಾ, ಯಾಕೋ ಆ ಮೂಕಜೀವಕ್ಕ ಹಿಂಸಾ ಕೊಡ್ತಿ? ಮಲಗಾಕ ಬಿಡೊ ಅದನ್ನ."

ಬೀರಣ್ಣ ನಕ್ಕ. "ಏನ್ ಮಾಮಾ, ನೀವ ಕಲಿಸಿದ್ದು ನಿಮಗ ಮರತೈತೇನು? ಹಳ್ಳಕ್ಕ ಬಿದ್ದು ತೊಡಿ ಮುರಕೊಂಡೈತಿ. ನಾ ಸಣ್ಣಾವಿದ್ದಾಗ ಹಿಂಗ ಒಂದ ಕುರಿ ಒದರತೈತಿ, ಬಿಡ್ರಿ ಅಂತ ಅತ್ತಿದ್ಕ ನನ್ನ ತಲಿಮ್ಯಾಲೆ ಕುಟ್ಟಿದ್ರಿ. ಒದರಿದ್ರ ಒದರ್ಲಿ, ಮಲಗಾಕ ಬಿಟ್ರ ಕಾಲಿನ ಮಾಂಸ ಕರಗಿ ಹೊಕ್ಕೈತಿ, ಆಮ್ಯಾಲ ಮೂಳಿ ಕೂಡಿದ್ರೂ ಏಳಂಗಿಲ್ಲ ಅಂದಿದ್ರಿ. ಅವತ್ತಿಂದ ನಾ ಒಂದ ಕುರಿನೂ ಮಲಗಾಕ ಬಿಟ್ಟಿಲ್ಲ."

ಲಕ್ಷ್ಮಪ್ಪ ನಿಂತಲ್ಲೇ ಕುಕ್ಕರಿಸಿದ. ಹೌದು, ಅವನದೇ ಮಾತು. ಎಷ್ಟು ಕುರಿಗಳನ್ನು ಹೀಗೆ ಕಂಬಳಿಯಲ್ಲಿ ಎತ್ತಿ ನಿಲ್ಲಿಸಿದ್ದನೋ ಲೆಕ್ಕವಿಲ್ಲ. ಒದರಿದರೂ ಬಿಟ್ಟವನಲ್ಲ. ಯಾಕೆಂದರೆ ಕುರಿಗೆ ಅವನು ಯಾವ ಋಣವನ್ನೂ ತೀರಿಸಬೇಕಾಗಿರಲಿಲ್ಲ.

"ಅತ್ತಿ ಹೆಂಗದಾರ ಮಾಮಾ? ಅಡ್ಯಾಡಾಕತ್ತಾರಿಲ್ಲೊ?"

ಲಕ್ಷ್ಮಪ್ಪ ಎದ್ದು ಹಿರಿಯ ಕುರಿಯ ಹಣೆಗೆ ಭಂಡಾರ ಹಚ್ಚಿದ. ಅರ್ಧ ಅದರ ಕಣ್ಣಿಗೇ ಬಿತ್ತು. ಉಣ್ಣಲು ಕರೆದರೂ ನಿಲ್ಲದೆ, "ಆ ಕಂಬಳಿ ನನಗ ಕೊಡ" ಎಂದಷ್ಟೇ ಕೇಳಿದ. ಬೀರಣ್ಣ ಗಲಿಬಿಲಿಗೊಂಡು ಕೊಟ್ಟ. ಬಸ್ಸಿನಲ್ಲಿ ಕುರಿಯ ವಾಸನೆಗೆ ಪಕ್ಕದವನು ಎದ್ದು ಹಿಂದಿನ ಸೀಟಿಗೆ ಹೋದ. ಲಕ್ಷ್ಮಪ್ಪ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಪೀರನವಾಡಿಯವರೆಗೂ ಅಳುತ್ತ ಬಂದ.

ಆ ಸಂಜೆ ಮಗನ ಮುಂದೆ ಎಲ್ಲವನ್ನೂ ಹೇಳಿದ. ವರದಾಳನ್ನು ತಿರುಗಿ ಕಳಿಸಿದ್ದು, ವಾಕರಿನ ಆಟ, ಎಲ್ಲ.

"ಅಪ್ಪಾ, ಎಂಥಾ ಕೆಲಸಾ ಮಾಡಿದ್ಯೋ" ಎಂದು ಕಲ್ಮೇಶ ತಲೆಯ ಮೇಲೆ ಕೈ ಹೊತ್ತು ಕುಳಿತ.

"ಅವರಿಗೊಬ್ಬರಿಗ ಅನಬ್ಯಾಡ" ಎಂದಳು ಸಾತವ್ವ ಮಂಚದಿಂದ. "ನಾನೂ ಹೂಂ ಅಂದೇನಿ. ಜಲಮದಾಗ ಒಮ್ಮೆ ಕುಂದರು ಅಂದ್ರಪಾ. ಕೂತಬಿಡಬೇಕ ಅನಸ್ತು."

ಕಲ್ಮೇಶ ಫೋನು ಮಾಡಿ ಕ್ಷಮೆ ಕೇಳಿದ ಮೇಲೆ ವರದಾ ಮರುದಿನವೇ ಬಂದಳು. ಸಾತವ್ವನ ಕಾಲನ್ನು ಎತ್ತಿ ನೋಡಿದಳು, ತೊಡೆಯನ್ನು ಮುಟ್ಟಿ ನೋಡಿದಳು, ಮೊಣಕಾಲು ಒತ್ತಿದಳು. ಅದು ಬಾಗಿದ್ದಲ್ಲಿಂದ ಅಲ್ಲಾಡಲಿಲ್ಲ. ಅವಳು ಬೈದಿದ್ದರೆ ಲಕ್ಷ್ಮಪ್ಪನಿಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ.

"ನಡೀತಾಳೇನ್ರಿ ಬಾಯಾರ?"

"ದಿನಾ ಮಾಡೂಣ್ರಿ ಅಜ್ಜಾ. ಹಿಡಕೊಂಡ ನಿಂದರಬಹುದು. ನಡಿಯೂದು..." ವರದಾ ಸಾತವ್ವನ ಕಾಲಿನ ಮೇಲೆ ಸೀರೆ ಸರಿಪಡಿಸಿದಳು. "ನಡಿಯೂದು ನಾ ಹೇಳಂಗಿಲ್ರಿ. ಭಾಳ ದಿನಾ ಹೋಗ್ಯಾವು."

ಸೊಂಟಕ್ಕೆ ಹಾಕಿ ಹಿಡಿಯುವ ಪಟ್ಟಿಯೊಂದನ್ನು ಅವಳು ಚೀಲದಿಂದ ತೆಗೆದಳು. ಲಕ್ಷ್ಮಪ್ಪ ಕಂಬಳಿಯನ್ನು ಮುಂದೆ ಮಾಡಿದ. ವರದಾ ಅದನ್ನು ಜಗ್ಗಿ ನೋಡಿ, ಪಟ್ಟಿಯ ಜೊತೆಗೆ ಇದೂ ಇರಲಿ ಎಂದು ತಲೆಯಾಡಿಸಿದಳು.

"ಈ ಫರಶಿಮ್ಯಾಲೆ ಬ್ಯಾಡ. ಮಣ್ಣಮ್ಯಾಲೆ ನಿಂದರಸ್ರಿ" ಎಂದಳು ಸಾತವ್ವ.

ಕುರ್ಚಿಯಲ್ಲಿ ಕೂರಿಸಿ ಅವಳನ್ನು ಅಂಗಳಕ್ಕೆ ಒಯ್ದರು. ಕಂಬಳಿಯನ್ನು ಬೆನ್ನಿನ ಹಿಂದಿನಿಂದ ಬಗಲ ಕೆಳಗೆ ತಂದು ಒಂದು ತುದಿಯನ್ನು ಕಲ್ಮೇಶ, ಒಂದನ್ನು ಲಕ್ಷ್ಮಪ್ಪ ಹಿಡಿದರು. ವರದಾ ಮುಂದೆ ಬಗ್ಗಿ ಪಟ್ಟಿಯನ್ನೂ ಮೊಣಕಾಲನ್ನೂ ಹಿಡಿದಳು. ಎತ್ತಿದಾಗ ಸಾತವ್ವ ಕೂಗಿದಳು. ಲಕ್ಷ್ಮಪ್ಪನ ಕೈ ಸಡಿಲಾಯಿತು, ಆದರೆ ಬಿಡಲಿಲ್ಲ. ಅವಳು ಕಂಬಳಿಯಲ್ಲಿ ತೂಗಿದಳು. ಪಾದಗಳ ಮುಂತುದಿಯಷ್ಟೇ ಮಣ್ಣಿಗೆ ತಾಗಿತ್ತು.

ಉಸಿರು ತಿರುಗಿದ ಮೇಲೆ ಅವಳು ಗಂಡನ ಕಡೆ ಕತ್ತು ಹೊರಳಿಸಿದಳು.

"ನಡಿ ಅನ್ರಿ."

ಲಕ್ಷ್ಮಪ್ಪ ಕಂಬಳಿಯ ತುದಿಯನ್ನು ಮುಷ್ಟಿಗೆ ಸುತ್ತಿಕೊಂಡ.

"ಅನ್ರಿ. ಹಿಂಡಿನ ಮುಂದಿಂದ ಹೆಂಗ ಅಂತಿದ್ರಿ, ಹಂಗ ಅನ್ರಿ. ನೀವಂದ್ರ ನನ್ನ ಕಾಲಿಗೆ ಗೊತ್ತಾಕ್ಕೈತಿ."

ಅವನು ಮುಟ್ಟಿ ಆಣೆ ಮಾಡಿದ್ದ ಭಂಡಾರದ ಚೀಲ ಸೊಂಟದಲ್ಲೇ ಇತ್ತು.

"ನಡಿ" ಎಂದ ಕೊನೆಗೆ. "ನಡಿ, ಸಾತಿ."

ಸಾತವ್ವ ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು. ಹಣೆಯ ನರ ಉಬ್ಬಿತು, ಬೆವರು ಹುಬ್ಬಿನವರೆಗೆ ಇಳಿಯಿತು. ಲಕ್ಷ್ಮಪ್ಪ ಮತ್ತೆ ಅಂದ, ಮತ್ತೊಮ್ಮೆ ಅಂದ, ದನಿ ಒಡೆದು ಏನನ್ನುತ್ತಿದ್ದಾನೆಂದು ತಿಳಿಯದಾಗುವವರೆಗೂ ಅಂದ. ವರದಾ ಸಾಕು ಎಂದು ಸನ್ನೆ ಮಾಡಿದ ಮೇಲೆ ಅವಳನ್ನು ಮೆಲ್ಲಗೆ ಕುರ್ಚಿಗೆ ಇಳಿಸಿದರು.

"ಎಷ್ಟ ದೂರ ಬಂದ್ನಿ?" ಎಂದು ಕೇಳಿದಳು, ಕಣ್ಣು ಮುಚ್ಚಿಕೊಂಡೇ.

ಲಕ್ಷ್ಮಪ್ಪ ಬಗ್ಗಿ ನೋಡಿದ. ಅವಳ ಹೆಬ್ಬೆರಳು ಮಣ್ಣಿನಲ್ಲಿ ಒಂದು ಗೆರೆ ಎಳೆದಿತ್ತು, ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ಉದ್ದದ್ದು. ಅದರ ಮೇಲೆ ಯಾರೂ ಕಾಲಿಡದಂತೆ ಅವನು ಅಡ್ಡ ಕುಳಿತ.