ಹಿತ್ತಾಳೆಯ ಹಲ್ಲು

“ಪಾರ್ಟ್ಸ್ ಬರಲ್ಲ ಸಾರ್. ಕಂಪನಿಯೇ ನಿಲ್ಲಿಸಿದೆ,” ಎನ್ನುತ್ತ ಅಂಗಡಿಯ ಉತ್ತಯ್ಯ ಕರೆಂಟಿನ ಪುಟ್ಟ ಹೊಲಿಗೆ ಯಂತ್ರವನ್ನು ಹರಿಹರನ ಕಡೆಗೇ ತಳ್ಳಿದ.

“ತಗೊಂಡು ಇನ್ನೂ ನಾಲ್ಕು ವರ್ಷ ಆಗಿಲ್ಲ.”

“ಈಗೆಲ್ಲ ಅಷ್ಟೇ ಅಲ್ವಾ? ಎಕ್ಸ್‌ಚೇಂಜಲ್ಲಿ ಹೊಸದು ತಗೊಂಡು ಹೋಗಿ. ಕಲರ್ ಕೂಡ ಚೆನ್ನಾಗಿದೆ.”

ಅಮ್ಮತ್ತಿಯ ಆ ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಇಪ್ಪತ್ತೆಂಟು ವರ್ಷ ಭೌತಶಾಸ್ತ್ರ ಕಲಿಸಿದ ತನಗೆ ಇವನು ಬಣ್ಣ ತೋರಿಸುತ್ತಿದ್ದಾನೆ ಅನ್ನಿಸಿ ಹರಿಹರನಿಗೆ ಮೈ ಉರಿಯಿತು. ಅಂದು ಬೆಳಿಗ್ಗೆ ಮಂಚದ ಕೆಳಗೆ ಏನನ್ನೋ ಹುಡುಕುವಾಗ ಯಂತ್ರ ಸಿಕ್ಕಿತ್ತು. ಕೆಟ್ಟಿದೆ ಎಂದಿದ್ದಳು ಹೆಂಡತಿ ನರ್ಮದಾ. ಅಷ್ಟಕ್ಕೇ ಹೊತ್ತು ತಂದಿದ್ದ.

“ಒಂದು ಸ್ಕ್ರೂಡ್ರೈವರ್ ಕೊಡಿ.”

ಕೌಂಟರಿನ ಮೇಲೆಯೇ ಬಿಚ್ಚಿದ. ಒಳಗೆ ಎಲ್ಲವೂ ಉಕ್ಕು. ನಡುವೆ ಒಂದೇ ಒಂದು ಪ್ಲಾಸ್ಟಿಕ್ ಚಕ್ರ. ಅದರ ಹಲ್ಲುಗಳು ಸವೆದು ನುಣ್ಣಗಾಗಿದ್ದವು.

“ಸವೀಲಿ ಅಂತಲೇ ಇಟ್ಟಿದ್ದಾರೆ, ಅಲ್ವಾ?”

ಉತ್ತಯ್ಯ ನಕ್ಕ. “ನಾವೂ ಬದುಕಬೇಕಲ್ಲ ಸಾರ್.”

ಬಹಳ ವರ್ಷಗಳ ನಂತರ ಹರಿಹರನಿಗೆ ಒಬ್ಬ ಶತ್ರು ಸಿಕ್ಕಿದ್ದ. ಅದರ ಸುಖವೇ ಬೇರೆ.

ಬಸ್ ಸ್ಟ್ಯಾಂಡಿನ ಹಿಂದೆ ಬೆಳ್ಯಪ್ಪನ ವರ್ಕ್‌ಶಾಪ್. ಎಸ್ಟೇಟುಗಳ ಮೋಟರು, ಪಂಪುಗಳನ್ನು ರಿಪೇರಿ ಮಾಡುವವನು. ಸವೆದ ಚಕ್ರವನ್ನು ಹೆಬ್ಬೆರಳಲ್ಲಿ ಸವರಿ, “ಹಿತ್ತಾಳೆಯಲ್ಲಿ ಮಾಡುವ. ಸಂಜೆ ಆಗ್ತದೆ, ಕೂರ್ತೀರಾ?” ಎಂದ.

ಕೂತ. ಊಟ ಬಿಟ್ಟು ಕೂತ. ಹಲ್ಲು ಎಷ್ಟು, ಅದರ ಓರೆ ಎಷ್ಟು ಎಂದು ತಾನೇ ಚೀಟಿಯಲ್ಲಿ ಬರೆದುಕೊಟ್ಟ. ಎರಡು ಸಲ ಚಕ್ರ ಕೂರಲಿಲ್ಲ. ಬೆಳ್ಯಪ್ಪ ಬೈದುಕೊಳ್ಳುತ್ತ ಮತ್ತೆ ಅರ ಹಾಕಿದ. ಮೂರನೆಯ ಸಲ ಹಿತ್ತಾಳೆ ಉಕ್ಕನ್ನು ಸರಿಯಾಗಿ ಕಚ್ಚಿತು. ಸ್ವಿಚ್ ಒತ್ತಿದರೆ ಸೂಜಿ ಟಕಟಕನೆ ಕುಣಿಯಿತು. ಹರಿಹರ ಬೆಳ್ಯಪ್ಪನ ಎಣ್ಣೆಗೈಯನ್ನು ಹಿಡಿದು ಕುಲುಕಿದ.

“ಇನ್ನು ನಿಮ್ಮ ಕಾಲಕ್ಕಂತೂ ಏನೂ ಆಗಲ್ಲ ಸಾರ್.”

ವಾಪಸು ಹೋಗುವಾಗ ಅಂಗಡಿಗೆ ಹೋಗಿ, ಉತ್ತಯ್ಯನ ಕೌಂಟರಿನ ಮೇಲೆಯೇ ಓಡಿಸಿ ತೋರಿಸಿದ. ಯಾರೋ ಚಪ್ಪಾಳೆ ತಟ್ಟಿದರು. ಉತ್ತಯ್ಯ ಎರಡೂ ಕೈ ಎತ್ತಿ, “ಸೋತೆ ಸಾರ್!” ಎಂದ. ತನ್ನೂರು ಪೊನ್ನಂಪೇಟೆಯವರೆಗೂ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಎದೆಯುಬ್ಬಿಸಿ ಕೂತಿದ್ದ.

“ನರ್ಮದಾ, ಓಡ್ತಿದೆ ನೋಡು!”

ಅವಳು ಅಡುಗೆಮನೆಯ ಬಾಗಿಲಲ್ಲೇ ನಿಂತಳು. “ಚೆನ್ನಾಗಾಯ್ತು.”

“ಏನಾದರೂ ಹೊಲಿ.”

“ಏನನ್ನ?”

“ಬ್ಲೌಸು. ಪಕ್ಕದವರದ್ದೆಲ್ಲ ಹೊಲೀತಿದ್ದೆಯಲ್ಲ?”

“ಅದು ನಿಂತು ಎರಡು ವರ್ಷ ಆಯ್ತು. ಕೆಟ್ಟಾಗಲೇ ಹೇಳಿದ್ದೆ ನಿಮಗೆ. ಮೂರು ಸಲ.”

ಅವನು ನೆನಪಿಸಿಕೊಳ್ಳಲು ನೋಡಿದ. ಒಂದು ಸಲವೂ ನೆನಪಾಗಲಿಲ್ಲ.

“ಈಗ ಸರಿಯಾಗಿದೆಯಲ್ಲ,” ಎಂದ.

“ಹೂಂ. ಕೈಕಾಲು ತೊಳ್ಕೊಳ್ಳಿ, ಬಡಿಸ್ತೀನಿ.” ಅವಳು ಒಳಗೆ ಹೋದಳು. ಅವಳಿಗೆ ಕೋಪವೇ ಇರಲಿಲ್ಲ.

ಆದರೂ ಗೆದ್ದದ್ದು ಗೆದ್ದದ್ದೇ. ಹರಿಹರ ಜೇಬಿನಿಂದ ಕರವಸ್ತ್ರ ತೆಗೆದು ಸೂಜಿಯ ಕೆಳಗೆ ಹಾಸಿ ಸ್ವಿಚ್ ಒತ್ತಿದ. ಯಂತ್ರ ಎಲ್ಲೂ ತಡೆಯದೆ ಈ ತುದಿಯಿಂದ ಆ ತುದಿಗೆ ಓಡಿತು. ಎಂಥ ನೇರ! ದೀಪಕ್ಕೆ ಎತ್ತಿ ಹಿಡಿದ. ನೂಲು ಹಾಕಿರಲಿಲ್ಲ. ಬಿಳಿಯ ಬಟ್ಟೆಯಲ್ಲಿ ಸಮವಾದ ತೂತುಗಳ ಒಂದು ಸಾಲು. ಒಂದೊಂದರಿಂದಲೂ ಒಂದೊಂದು ಚುಕ್ಕಿ ಬೆಳಕು.

ಅವನು ಕರವಸ್ತ್ರವನ್ನು ತಿರುಗಿಸಿ ಇನ್ನೊಂದು ಸಾಲಿಗೆ ಹಾಸಿದ.