ರನ್‌ವೇ ಕಾಯುವವನ ಸೀಟು

ಕಟಾವಿ ಕಾಡಿನ ರನ್‌ವೇ ಎಂದರೆ ಕೆಮ್ಮಣ್ಣಿನ ಒಂದು ಪಟ್ಟಿ, ಗಾಳಿಯ ದಿಕ್ಕು ತೋರಿಸುವ ಒಂದು ಗಾಳಿಚೀಲ, ಹುಲ್ಲು ಹೊದಿಸಿದ ಒಂದು ಚಪ್ಪರ. ವಿಮಾನ ಇಳಿಯುವ ಮುಂಚೆ ಒಮ್ಮೆ, ಏರುವ ಮುಂಚೆ ಒಮ್ಮೆ, ಯಾರಾದರೂ ಜೀಪಿನಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿ ಜೀಬ್ರಾ, ಜಿರಾಫೆಗಳನ್ನು ಎಬ್ಬಿಸಬೇಕು. ಆ ‘ಯಾರಾದರೂ’ ಎಂದರೆ ಅಂಬಾಕಿಸ್ಯೆ. ಸೀಟು ಖಾಲಿ ಇದ್ದಾಗ ಪ್ರವಾಸಿ ಕ್ಯಾಂಪಿನ ಅಡುಗೆಯವರು, ಕಾವಲಿನವರು ಎಲ್ಲರೂ ಒಂದಲ್ಲ ಒಂದು ಸಲ ಊರಿಗೆ ಹಾರಿದ್ದರು. ಅವನು ಮಾತ್ರ ಹಾರಿರಲಿಲ್ಲ. ದಾರಿ ತೆರವು ಮಾಡಿದವನು ಕೊನೆಗೆ ಜೀಪಿನಲ್ಲಿ ಉಳಿಯುತ್ತಾನೆ, ವಿಮಾನದಲ್ಲಲ್ಲ.

ಒಣ ತಿಂಗಳುಗಳಲ್ಲಿ ರಸ್ತೆ ಇರುತ್ತಿತ್ತು, ರಜೆ ಇರುತ್ತಿರಲಿಲ್ಲ. ಮಳೆ ಹಿಡಿದ ಮೇಲೆ ರಜೆ ಇರುತ್ತಿತ್ತು, ರಸ್ತೆ ಇರುತ್ತಿರಲಿಲ್ಲ. ತನ್ನೂರು ತುಕುಯುವಿನಲ್ಲಿದ್ದ ಮಗಳು ಲುಗಾನೋಳನ್ನು ಅವನು ಕೊನೆಯ ಸಲ ನೋಡಿದ್ದು ಅವಳ ಮುಂದಿನ ಹಲ್ಲು ಬೀಳುವ ಮೊದಲು. ಆದರೆ ಅಲ್ಲಿನ ರೂಢಿಯಂತೆ ಕ್ಯಾಂಪಿನಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ‘ಲುಗಾನೋ ಅಪ್ಪ, ಡೀಸೆಲ್ ಎಲ್ಲಿ?’ ‘ಲುಗಾನೋ ಅಪ್ಪ, ಉಗಾಲಿ ಮುದ್ದೆ ಆರ್ತಾ ಇದೆ.’ ದಿನವಿಡೀ ಕಿವಿಗೆ ಬೀಳುತ್ತಿದ್ದ ಹೆಸರು; ಕಣ್ಣಿಗೆ ಬೀಳದ ಮಗು.

ಸೋಮವಾರ ಅವಳು ಒಂದನೇ ತರಗತಿಗೆ ಸೇರುವವಳಿದ್ದಳು. ಫೋನಿನಲ್ಲಿ ಕೇಳಿದ್ದಳು: “ಎಲ್ಲರ ಅಪ್ಪಂದಿರೂ ಬರ್ತಾರಂತೆ. ನೀನು ಬರ್ತೀಯಾ, ಇಲ್ಲಾ ಜಿರಾಫೆ ಓಡಿಸ್ತಾನೇ ಇರ್ತೀಯಾ?”

ಅಂದಿನಿಂದ ಅವನು ಅಡುಗೆಯ ಕಬುಲಾಳಿಗೆ ಜೀಪು ಕಲಿಸತೊಡಗಿದ. ಸಂಜೆಹೊತ್ತು ಅವಳ ಪಕ್ಕದಲ್ಲಿ ಕುಳಿತು ರನ್‌ವೇಯಲ್ಲಿ ಓಡಾಡಿಸಿದ. ಗೇರು ಯಾವಾಗ, ಬ್ರೇಕು ಎಷ್ಟು, ಜೀಬ್ರಾಗಳ ಹತ್ತಿರ ಯಾವ ಬದಿಯಿಂದ ಹೋಗಬೇಕು, ಎಲ್ಲವನ್ನೂ ಹೇಳಿಕೊಟ್ಟ. ರನ್‌ವೇಯ ದೂರದ ತುದಿಯಲ್ಲಿ ಮಲಗುವ ಒಂಟಿ ಮುದಿ ಕಾಡುಕೋಣವೂ ಅವಳ ಜೀಪಿಗೆ ಎದ್ದು ದಾರಿ ಬಿಟ್ಟಿತ್ತು. ಅದನ್ನು ಕ್ಯಾಂಪಿನವರು ಜಿಲ್ಲಾಧಿಕಾರಿ ಎನ್ನುತ್ತಿದ್ದರು: ತಾನಾಗಿ ಏಳುವವರೆಗೆ ಯಾರ ಕೆಲಸವೂ ಆಗುತ್ತಿರಲಿಲ್ಲ.

“ಮಡಕೆ ತಿರುವೋಳಿಗೆ ಸ್ಟೀರಿಂಗ್ ತಿರುವೋದು ಏನು ಮಹಾ!” ಎಂದಿದ್ದಳು ಕಬುಲಾ. “ಹೋಗಿ ಬಾ ಲುಗಾನೋ ಅಪ್ಪ. ನೀನಿಲ್ದೆ ಕಾಡು ಓಡಿಹೋಗಲ್ಲ.”

ವಾರಕ್ಕೊಮ್ಮೆ ಬರುವ ವಿಮಾನ ಗುರುವಾರ ಮಧ್ಯಾಹ್ನ ಬಂತು. ಇಬ್ಬರು ವಿದೇಶಿ ಪ್ರವಾಸಿಗರು ಹತ್ತಿದರು. ಪೈಲಟ್ ಕ್ಯಾಪ್ಟನ್ ಶಿರಿಮಾ ಅಂಬಾಕಿಸ್ಯೆಯನ್ನೂ ಅವನ ಚೀಲವನ್ನೂ ತೂಗಿ, “ಇಷ್ಟು ದಿನ ನಮ್ಮನ್ನ ಇಳಿಸಿಕೊಂಡ್ರಿ, ಇವತ್ತು ನಾವು ನಿಮ್ಮನ್ನ ಏರಿಸ್ತೀವಿ,” ಎಂದು ನಕ್ಕ. ಚೀಲದಲ್ಲಿ ಒಂದು ಜೊತೆ ಕಪ್ಪು ಶಾಲಾ ಬೂಟು ಇತ್ತು. ಮೊದಲೇ ಶಿರಿಮಾನಿಗೆ ಹೇಳಿ ಅರುಷಾ ಪೇಟೆಯಿಂದ ತರಿಸಿಕೊಂಡದ್ದು. ಅಳತೆ ಗೊತ್ತಿಲ್ಲದೆ ಎರಡು ಬೆರಳು ದೊಡ್ಡದನ್ನೇ ಹೇಳಿದ್ದ.

ಬೆಲ್ಟು ಬಿಗಿದು ಕುಳಿತ. ಇಂಜಿನು ಗುರುಗುಟ್ಟಿತು. ಕಿಟಕಿಯಲ್ಲಿ ಕಬುಲಾಳ ಜೀಪು ಚಿಕ್ಕದಾಗುತ್ತ ಹೋಗಿ, ಕೊನೆಯಲ್ಲಿ ನಿಂತಿತು. ಕಾಡುಕೋಣ ಏಳಲಿಲ್ಲ. ಅವಳು ಹಾರನ್ ಒತ್ತಿದಳು. ಮತ್ತೆ ಒತ್ತಿದಳು, ಬಿಡದೆ ಒತ್ತಿದಳು. ಕೋಣ ಎದ್ದಿತು, ದಾರಿ ಬಿಡಲು ಅಲ್ಲ. ತಲೆ ತಗ್ಗಿಸಿ ನುಗ್ಗಿ ಜೀಪಿನ ಮೂತಿಗೆ ಗುದ್ದಿತು. ಜೀಪು ಓಲಾಡುತ್ತ ಹಿಂದೆ ಬಂತು. ಕೋಣ ರನ್‌ವೇಯ ನಡುವೆಯೇ ನಿಂತಿತು.

ಶಿರಿಮಾ ಪಶ್ಚಿಮದ ಕಡೆ ನೋಡಿದ. ಅಲ್ಲಿ ಮೋಡ ಮಸಿಯಂತೆ ಹರಡುತ್ತಿತ್ತು. “ಮಳೆ ಬಿದ್ರೆ ಈ ಮಣ್ಣಲ್ಲಿ ಇವತ್ತಿನ ಕಥೆ ಮುಗೀತು ಅಣ್ಣ.”

“ನಾನು ಓಡಿಸಿ ಬಂದ್ರೆ? ಆ ತುದೀಲಿ ಹತ್ತಿಸ್ಕೊಳ್ತೀರಾ?”

“ಆ ತುದಿ ಕೆಸರು. ನಿಲ್ಲಿಸಿದ್ರೆ ಚಕ್ರ ಹೂತುಹೋಗುತ್ತೆ. ನೀವು ಇಲ್ಲಿಗೆ ವಾಪಸ್ ಬರೋಷ್ಟರಲ್ಲಿ ಅದು ಮತ್ತೆ ಬಂದು ಮಲಗಿರುತ್ತೆ. ಗೊತ್ತಲ್ಲ ನಿಮಗೆ.”

ಗೊತ್ತಿತ್ತು. ಅವನು ಇಳಿಯದಿದ್ದರೆ ಯಾರೂ ಹೋಗುವುದಿಲ್ಲ. ಇಳಿದರೆ ಅವನೊಬ್ಬ ಹೋಗುವುದಿಲ್ಲ.

ಕಬುಲಾ ಜೀಪಿನಿಂದಲೇ ಕೂಗಿದಳು: “ಇಳೀಬೇಡ! ಇನ್ನೊಂದು ಸಲ ಹೋಗ್ತೀನಿ, ಅದರಪ್ಪನ್ನೂ ಎಬ್ಬಿಸ್ತೀನಿ!” ಬಾಯಿ ಗಟ್ಟಿಯಿತ್ತು. ಜೀಪು ಮಾತ್ರ ನಿಂತಲ್ಲಿಂದ ಕದಲಲಿಲ್ಲ.

ಅಂಬಾಕಿಸ್ಯೆ ಬೆಲ್ಟು ಬಿಚ್ಚಿದ. ಇಳಿಯುವ ಮುಂಚೆ ಚೀಲವನ್ನು ಸೀಟಿನ ಮೇಲಿಟ್ಟು, ಅದಕ್ಕೆ ಬೆಲ್ಟು ಬಿಗಿದ. “ಎಂಬೆಯಾದಲ್ಲಿ ಇಳಿದ್ಮೇಲೆ ತುಕುಯು ಬಸ್ಸಿನ ಡ್ರೈವರ್ ಕೈಗೆ ಕೊಟ್ಟುಬಿಡಿ ಕ್ಯಾಪ್ಟನ್. ಲುಗಾನೋಗೆ ಅಂತ ಹೇಳಿ.”

ಕಬುಲಾಳನ್ನು ಪಕ್ಕಕ್ಕೆ ಸರಿಸಿ ಅವನೇ ಜೀಪು ಓಡಿಸಿದ. ಕೋಣದಿಂದ ಒಂದಿಷ್ಟು ದೂರದಲ್ಲಿ ನಿಲ್ಲಿಸಿ ಇಂಜಿನು ಆರಿಸಿದ. ಕಾದ. ಕೋಣ ಉಸಿರು ಬಿಟ್ಟಿತು, ಅವನನ್ನೇ ದಿಟ್ಟಿಸಿತು, ಆಮೇಲೆ ಏನೋ ಮರೆತ ಕೆಲಸ ನೆನಪಾದಂತೆ ತಿರುಗಿ ಹುಲ್ಲಿನೊಳಕ್ಕೆ ನಡೆಯಿತು. ಅವನು ಜೀಪನ್ನು ಬದಿಗೆ ಸರಿಸುವಷ್ಟರಲ್ಲಿ ವಿಮಾನ ಓಡಿ ಬಂತು, ನೆಲ ಬಿಟ್ಟಿತು, ತಲೆಯ ಮೇಲಿಂದ ಹಾದು ದಕ್ಷಿಣಕ್ಕೆ ವಾಲಿತು. ಸದ್ದು ಅಡಗುವವರೆಗೂ ಅವನು ನೋಡುತ್ತಲೇ ಇದ್ದ. ಬೂಟು ಇರುಳಾಗುವ ಮೊದಲು ಊರು ಸೇರಬಹುದು.

ಕಬುಲಾ ತಲೆವಸ್ತ್ರದಿಂದ ಮುಖ ಒರೆಸಿಕೊಂಡಳು. “ನೀನು ಬಾಗಿಲು ಬಡೀತೀಯ,” ಎಂದಳು.

“ಏನು?”

“ಈಗ ಬಡಿದೆಯಲ್ಲ, ಕಿಟಕೀಲಿ ಕೈ ಹಾಕಿ, ಹೊರಗಿಂದ ಎರಡು ಸಲ. ಆಮೇಲೆ ಸುಮ್ನೆ ಕೂತೆ. ಅದಕ್ಕೇ ಅದು ದಾರಿ ಬಿಟ್ಟಿದ್ದು. ನನ್ನ ಪಕ್ಕ ಕೂತಾಗ್ಲೂ ಬಡೀತಿದ್ದೆ ಅನ್ಸುತ್ತೆ. ಎಲ್ಲ ಹೇಳ್ಕೊಟ್ಟೆ, ಇದೊಂದು ಹೇಳಿಲ್ವಲ್ಲೋ ಮಹಾರಾಯ!”

“ನಾನು ಬಡೀತೀನಾ?”

“ಹೂಂ ಮತ್ತೆ, ನಿಮ್ಮಜ್ಜ ಬಡೀತಾನಾ?”

ಅವನು ತನ್ನ ಕೈಯನ್ನು ನೋಡಿಕೊಂಡ. ಎಲ್ಲಿಂದ ಬಂತು ಈ ಅಭ್ಯಾಸ ಎಂದು ಯೋಚಿಸಿದ. ಮಳೆಯ ಮೊದಲ ಹನಿಗಳು ಜೀಪಿನ ತಗಡಿನ ಮೇಲೆ ಬಿದ್ದವು.

“ಸೋಮವಾರಕ್ಕೆ ಹೋಗೋಕೆ ಆಗ್ಲಿಲ್ಲ,” ಎಂದಳು ಕಬುಲಾ, ಈಗ ಮೆಲ್ಲಗೆ. “ಶಾಲೆ ವರ್ಷ ಪೂರ್ತಿ ಇರುತ್ತಪ್ಪ. ಬೇರೆ ದಿನ ಕೈ ಹಿಡ್ಕೊಂಡು ಹೋಗು. ಈಗ ಆಚೆ ಸರಿ. ನಾನು ಬಡೀತೀನಿ, ನೋಡು.”

ಅವಳು ಸ್ಟೀರಿಂಗ್ ಹಿಂದೆ ಕುಳಿತು, ಕೈ ಹೊರಚಾಚಿ ಬಾಗಿಲಿಗೆ ಧಡಧಡ ಬಡಿದಳು.

“ಹಾಗಲ್ಲ ಅಕ್ಕ. ಮೆಲ್ಲಗೆ,” ಎಂದ ಅಂಬಾಕಿಸ್ಯೆ. ತನ್ನ ಕೈಯನ್ನು ಮತ್ತೊಮ್ಮೆ ನೋಡಿಕೊಂಡು ಹೇಳಿದ: “ಹೊತ್ತುಮೀರಿ ಮನೆಗೆ ಬಂದಿದ್ದೀಯ ಅಂದ್ಕೋ. ಹೆಂಡ್ತಿಗೆ ಕೇಳಿಸ್ಬೇಕು. ತೊಟ್ಟಿಲಲ್ಲಿರೋ ಮಗು ಏಳಬಾರದು.”

ಕಬುಲಾ ಮತ್ತೆ ಬಡಿದಳು, ಎರಡು ಸಲ. ಇಬ್ಬರೂ ಖಾಲಿ ರನ್‌ವೇಯನ್ನು ನೋಡುತ್ತ ಕಾದರು.