ಅರ್ಧ ಕ್ಷೌರ

ಕ್ಷೌರದಂಗಡಿಯ ಹೊಸ್ತಿಲನ್ನು ಮೊಳೆ ದಾಟಿದ್ದೇ ತಡ, ಕುರ್ಚಿಯಲ್ಲಿದ್ದ ಸಾಣೆ ಹಿಡಿಯುವ ಅಜ್ಜ ಒಂದು ಕೆನ್ನೆಯ ನೊರೆಯ ಸಮೇತ ಎದ್ದು ನಿಂತ. ಏಳು ಎಂದು ಯಾರೂ ಹೇಳಿರಲಿಲ್ಲ. ಬೆಂಚಿನ ಮೇಲಿದ್ದವರೂ ಎದ್ದರು. ಕ್ಷೌರಿಕ ಕುರ್ಚಿಯನ್ನು ಎರಡೆರಡು ಸಲ ಒರೆಸಿದ.

ಸಣಕಲು ಮೈಯವನೆಂದು ಊರೆಲ್ಲ ಮೊಳೆ ಎಂದು ಕರೆಯುತ್ತಿದ್ದ ಇವನು, ಮಾರುಕಟ್ಟೆಯ ಹಮಾಲರಿಂದ ಮಾಮೂಲು ಕೀಳುತ್ತಿದ್ದ ಹಳೆಯ ರೌಡಿಯನ್ನು ನಿನ್ನೆ ಹಾಡಹಗಲೇ ಬಡಿದು ಓಡಿಸಿದ್ದ. ಹಮಾಲರು ಇವನನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದರು. ಆ ಕುಣಿತ ಅವನಿಗೆ ಅಷ್ಟೇನೂ ರುಚಿಸಿರಲಿಲ್ಲ. ರುಚಿಸಿದ್ದು ಈಗ, ಅಜ್ಜ ಎದ್ದಾಗ. ಹಾಯಾಗಿ ಕುಳಿತು ಕೆನ್ನೆಗೆ ನೊರೆ ಹಚ್ಚಿಸಿಕೊಂಡ.

"ಏಳೋ. ಅದು ಅಜ್ಜನ ಸರದಿ."

ಎದುರಿನ ಇಸ್ತ್ರಿ ಅಂಗಡಿಯಿಂದ ಅಕ್ಕ ಬಂದು ನಿಂತಿದ್ದಳು. ಅಪ್ಪ ಅಮ್ಮ ಎರಡೂ ಆಗಿ ಅವನನ್ನು ಸಾಕಿದವಳು.

"ನಾನೇನು ಏಳು ಅಂದ್ನಾ? ಅವರೇ ಎದ್ರು."

"ಕೇಳ್ದೇನೇ ಎದ್ರಲ್ಲ, ಅದಕ್ಕೇ ನಂಗೆ ಭಯ. ನಿನ್ನೆವರೆಗೂ ಆ ರೌಡಿಗೆ ಹೀಗೇ ಏಳ್ತಿದ್ರು."

ಮೊಳೆಗೆ ಮೈಯೆಲ್ಲ ಉರಿಯಿತು. "ಸಣ್ಣವನಿದ್ದಾಗ ಇದೇ ಬೆಂಚಿನ ಮೇಲೆ ದಿನವಿಡೀ ಕಾಯ್ತಿದ್ನಲ್ಲ ಅಕ್ಕ. ಆಮೇಲೆ ಬಂದವರೆಲ್ಲ ಕೂದ್ಲು ಕತ್ತರಿಸ್ಕೊಂಡು ಹೋಗೋರು. ಆಗ ಈ ಅಜ್ಜನಿಗೆ ಸರದಿ ಗೊತ್ತಿರಲಿಲ್ವಾ?"

ಅವನು ಹೇಳಿದ್ದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಅಜ್ಜ ತಲೆ ತಗ್ಗಿಸಿದ.

"ಗೊತ್ತಿತ್ತು. ತಪ್ಪು ಅವರದ್ದೇ," ಎಂದಳು ಅಕ್ಕ. "ಈಗ ಏಳ್ತೀಯೋ ಇಲ್ವೋ?"

"ಏಳಲ್ಲ. ಇನ್ಮೇಲೆ ಯಾರಿಗೋಸ್ಕರಾನೂ ಏಳಲ್ಲ."

"ಸರಿ, ಕೂತಿರು."

ಅಕ್ಕ ಕ್ಷೌರಿಕನ ಕೈಯಿಂದ ಅಂಗಡಿಯಲ್ಲಿದ್ದ ಒಂದೇ ಕತ್ತಿಯನ್ನು ಕಿತ್ತುಕೊಂಡಳು. ಅಜ್ಜನನ್ನು ಬೆಂಚಿನ ಮೇಲೆ ಕೂರಿಸಿ ಗಲ್ಲ ಹಿಡಿದು ಮುಖ ಎತ್ತಿದಳು. "ಅಲ್ಲಾಡಬೇಡ ಅಜ್ಜ. ನಂಗೆ ಬಟ್ಟೆಯ ಸುಕ್ಕು ತೆಗೆದು ಅಭ್ಯಾಸ, ಮುಖದ್ದಲ್ಲ."

ಯಾರೋ ಕಿಸಕ್ಕೆಂದರು.

ಮೊಳೆ ಎಲ್ಲವನ್ನೂ ಕನ್ನಡಿಯಲ್ಲೇ ನೋಡಿದ. ಕತ್ತಿ ಇತ್ತ ತಾ ಎಂದರೆ ಕ್ಷೌರಿಕ ಅದನ್ನು ತರಲು ಓಡುತ್ತಾನೆ. ಆದರೆ ಅಕ್ಕ ಕೊಡುವುದಿಲ್ಲ. ಅವಳ ಕೈ ತಿರುಚಿಯೇ ಕಿತ್ತುಕೊಳ್ಳಬೇಕು. ತನ್ನ ಮೂಗು ಒರೆಸಿದ ಕೈ ಅದು. ಹಾಗೆಂದು ಎದ್ದು ಹೋದರೆ, ನಾಳೆಯಿಂದ ಯಾವ ಬಡ್ಡಿಮಗನೂ ತನಗೆ ಏಳುವುದಿಲ್ಲ.

ಕ್ಷೌರಿಕ ಅವನ ಮಾತಿಗಾಗಿ ಬರಿಗೈಯಲ್ಲಿ ಕಾಯುತ್ತಿದ್ದ. ಅವನ ಹಿಂದೆ ನಿಂತಿದ್ದವರು ಒಬ್ಬೊಬ್ಬರಾಗಿ ಬೆಂಚಿನ ಮೇಲೆ ಕುಳಿತರು. ಮೊಳೆ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಕೂತೇ ಇದ್ದ. ಅವನ ಕೆನ್ನೆಯ ಮೇಲೆ ನೊರೆ ಒಣಗತೊಡಗಿತ್ತು.